ಹೆಪ್ಪು

ಮುರ್ಗಾಬಿನ ಹವಾಮಾನ ಠಾಣೆಯಲ್ಲಿ ಒಲೆ ನನ್ನದು,
ಕಂಪ್ಯೂಟರು ಎಲ್ಚಿಬೇಕನದು.
ಓಶ್‌ನಿಂದ ಲಾರಿಯಲ್ಲಿ ಬಂದ ಮಾಮತ್‌ಕುಲ್
ಒಂದು ಮೂಟೆ ಹಿಟ್ಟು, ಎರಡು ಟಯರು,
ಉಗುರಿನಷ್ಟು ಪೆನ್‌ಡ್ರೈವು ಇಳಿಸಿ ಹೋದ.
ಗಾಳಿ ಅಳೆಯುವ ಹೊಸ ಯಂತ್ರದ ಮಾತು
ನಮ್ಮ ಹಳೇ ಪೆಟ್ಟಿಗೆಗೆ ತಿಳಿಯಬೇಕಾದರೆ
ಅದರೊಳಗಿರುವುದನ್ನು ಇಲ್ಲೇ ಕಟ್ಟಿಕೊಳ್ಳಬೇಕಂತೆ.
"ಬೇಯಿಸಿದ ಅಡುಗೆಯಲ್ಲ ಅಕ್ಕಾ, ಬರೀ ದಿನಸಿ."

ಮೊದಲ ದಿನ ಕೆಂಪಗೆ ಒಂದು ಗೆರೆ: ಇದು ಬೇಕು.
ಅದನ್ನು ಕೊಟ್ಟರೆ, ಅದಕ್ಕೆ ಇನ್ನೊಂದು.
ಇನ್ನೊಂದಕ್ಕೆ ಮತ್ತೊಂದರ ಹೊಸ ಆವೃತ್ತಿ,
ಮತ್ತೊಂದಕ್ಕೆ ಯಾರೋ ಎಲ್ಲೋ ಬರೆದ ಲೈಬ್ರರಿ.
ಉರುವಲಿಗೆ ತೆರೆಸ್ಕೆನ್ ಕಿತ್ತವರಿಗೆ ಗೊತ್ತು ಇದು:
ನೆಲದ ಮೇಲೆ ಗೇಣುದ್ದ ಪೊದೆ,
ಬೇರು ಹಿಡಿದು ಹೊರಟರೆ ಸಂಜೆಯಾಗುತ್ತದೆ.

ಮೂರನೇ ರಾತ್ರಿ ಅವನು ತಲೆಮೇಲೆ ಕೈಹೊತ್ತು ಕೂತ.
"ಕಂಪೈಲರೇ ಹಳತು. ಹೊಸದನ್ನು ಕಟ್ಟಬೇಕು.
ಕಟ್ಟಲಿಕ್ಕೆ ಕಂಪೈಲರು ಬೇಕು."
ನಾನು ನಕ್ಕುಬಿಟ್ಟೆ.
ಮೊಸರಾಗಲಿಕ್ಕೆ ಮೊಸರು ಬೇಕು ತಮ್ಮಾ,
ಇಷ್ಟಕ್ಕೆ ಯಾಕೆ ಈ ಮೋರೆ?
ನನ್ನ ಹೆಪ್ಪು ನಾದಿನಿ ಕೊಟ್ಟದ್ದು,
ಅವಳದು ಅಲೈ ಕಡೆಯ ಅತ್ತೆಯದು,
ಆ ಅತ್ತೆಗೆ ಕೊಟ್ಟವಳ ಹೆಸರು ಯಾರಿಗೂ ನೆನಪಿಲ್ಲ.
ಮೊಟ್ಟಮೊದಲ ಹೆಪ್ಪು ಯಾವ ಪಾತ್ರೆಯಲ್ಲಿತ್ತೋ!
ಅವನು ಸುಮ್ಮನಾದ. ಆಮೇಲೆ
ಹಳೆಯ, ಹುಳಿಬಂದ ಕಂಪೈಲರನ್ನೇ
ಒಂದು ಚಮಚ ಬಿಟ್ಟ.

ಹನ್ನೊಂದು ಗಂಟೆ ಓಡಿತು ಪೆಟ್ಟಿಗೆ.
ಹೊರಗೆ ಮೈನಸ್ ಮೂವತ್ತು.
ಹಾಲನ್ನು ಒಲೆಯ ಹತ್ತಿರ ಇಟ್ಟರೆ ಒಡೆಯುತ್ತದೆ,
ದೂರ ಇಟ್ಟರೆ ಕಲ್ಲು.
ಫ್ಯಾನು ಊದುವ ಬಿಸಿಯ ಪಕ್ಕ, ಅವನಿಗೆ ಹೇಳದೆ,
ಯಾಕ್ ಹಾಲಿನ ಬೋಗುಣಿಯನ್ನು
ಕಂಬಳಿ ಚೂರಿನಲ್ಲಿ ಸುತ್ತಿ ಕೂರಿಸಿದೆ.

ಕಂಪೈಲರೇನೋ ಆಯಿತು. ಗಾಳಿಯ ಲೆಕ್ಕ
ಬೆಳಗಿನ ಜಾವ ತೊಂಬತ್ತಾರಕ್ಕೆ ಬಂದು ನಿಂತಿತು.
ಚಿತ್ರ ಬಿಡಿಸುವ ಲೈಬ್ರರಿ ಇಲ್ಲವಂತೆ.
ಲಾರಿ ಬರಲು ಇನ್ನೂ ಒಂಬತ್ತು ದಿನ.
"ಗಾಳಿಯ ಚಿತ್ರ ಯಾರಿಗೆ ಬೇಕೋ?" ಅಂದೆ,
ಅಂದದ್ದು ನಿದ್ದೆಗೆಟ್ಟ ಸಿಟ್ಟಿಗೆ.
ಅವನು ಕಣ್ಣುಜ್ಜಿ ಓದುತ್ತ ಹೋದ, ಕೆಳಗೆ, ಇನ್ನೂ ಕೆಳಗೆ,
ಎಲ್ಲೋ ಇದ್ದ ಒಂದು "ಹೌದ"ನ್ನು
"ಇಲ್ಲ" ಮಾಡಿದ.

ಆಮೇಲೆ ಕೆಂಪು ಬರಲಿಲ್ಲ.
ಕಪ್ಪು ಪರದೆಯ ಮೇಲೆ ಬರೀ ಅಂಕಿ:
ವಾಯವ್ಯ, ಸೆಕೆಂಡಿಗೆ ಹದಿನಾಲ್ಕು ಮೀಟರು.
ಕಿಟಕಿ ರಾತ್ರಿಯಿಡೀ ಅದನ್ನೇ ಹೇಳುತ್ತಿತ್ತು,
ಹೋಗಲಿ ಬಿಡಿ.

ಬೋಗುಣಿ ಓರೆ ಮಾಡಿದೆ. ಅಲುಗಲಿಲ್ಲ.
ಇಬ್ಬರೂ ನಿಂತೇ ತಿಂದೆವು,
ತಳದಲ್ಲಿ ಒಂದಿಷ್ಟು ಬಿಟ್ಟು.