ಅರ್ಧ ದಿನದ ಮುಯ್ಯಿ

ಓಲೆ ಎಲ್ಲಿದೆ, ಚೀಟಿ ದುಡ್ಡು ಯಾರ ಹತ್ತಿರ,
ಎಲ್ಲ ಹೇಳಿ ಕಣ್ಣು ಮುಚ್ಚಿದ ಅತ್ತೆ
ಮತ್ತೆ ತೆರೆದು ಅಂದರು:
‘ಸಾಕವ್ವಂಗೆ ಅರ್ಧ ದಿನ ಬಾಕಿ ಐತೆ ಕನವ್ವ.
ಮಧ್ಯಾನಕ್ಕೆ ಮಳೆ ಹುಯ್ತು, ಎದ್ದು ಬಂದ್ಬುಟ್ಟೆ.’

ಯಾವ ವರ್ಷದ ಮಳೆ, ಕೇಳಲಿಲ್ಲ.
ಹಿತ್ತಿಲ ಗೋಡೆಯಲ್ಲಿ ಇದ್ದಿಲ ಗೆರೆಗಳಿದ್ದವು,
ಮನೆಗೊಂದು ಸಾಲು,
ಪೂರ್ತಿ ದಿನಕ್ಕೆ ಉದ್ದ, ಅರ್ಧಕ್ಕೆ ಗಿಡ್ಡ.
ತಿಥಿಗೆಂದು ಸುಣ್ಣ ಬಳಿದಾಗ ಎಲ್ಲ ಹೋದವು.
ಆ ಒಂದು ಗಿಡ್ಡ ಗೆರೆ ಮಾತ್ರ ನನ್ನೊಳಗೆ
ಅಂಗಾಲಿಗೆ ಮುರಿದ ಜಾಲಿಮುಳ್ಳು.

ಈಗ ಯಾರೂ ಯಾರ ಗದ್ದೆಗೂ ಹೋಗುವುದಿಲ್ಲ.
ಅಂದರೆ, ಹೋಗುತ್ತೇವೆ. ಯೋಗಣ್ಣನ ಗೂಡ್ಸ್ ಆಟೋದಲ್ಲಿ
ಹದಿನಾಲ್ಕು ಹೆಂಗಸರು, ನಿಂತುಕೊಂಡು,
ಎಕರೆಗಿಷ್ಟು ಎಂದು ಗುತ್ತಿಗೆ.
ಹೋದ ವರ್ಷ ನಮ್ಮ ಗದ್ದೆಗೂ ಹಾಗೇ ಬಂದೆ:
ನನ್ನದೇ ಕೆಸರಲ್ಲಿ ದಿನವಿಡೀ ಬಗ್ಗಿ
ಸಂಜೆ ಯೋಗಣ್ಣನ ಕೈಗೆ ದುಡ್ಡು ಎಣಿಸಿ
ಅದರಲ್ಲೇ ನನ್ನ ಕೂಲಿ ಈಸಿಕೊಂಡೆ.
ಎಲ್ಲರೂ ನಕ್ಕರು. ನಾನೂ.

ಅತ್ತೆಯ ಕಾಲ ಹಾಲುಜೇನು ಎನ್ನಲಾರೆ.
ಪಟೇಲರ ಗದ್ದೆ ಮುಗಿಯದೆ ಬೇರೆಯವರ ಪೈರು ಕೀಳುವಂತಿರಲಿಲ್ಲ.
ಆಚೆ ಕೇರಿಯವರ ಜೊತೆ ಮುಯ್ಯಿ ಇರಲಿಲ್ಲ,
ಬರೀ ಕರೆ ಇತ್ತು.
ಆಟೋ ಕುಲುಕಿದಾಗ ಆಚೆ ಕೇರಿಯ ದ್ಯಾವಮ್ಮ
ನನ್ನ ಭುಜ ಹಿಡಿದು ನಿಲ್ಲುತ್ತಾಳೆ.
ಅದೂ ಈಗಿನದೇ.

ಈ ಶ್ರಾವಣ, ವಿರಿಜಾ ನಾಲೆಗೆ ನೀರು ಬಿಟ್ಟ ಮೂರನೇ ವಾರ,
ಆಟೋ ನಿಂತದ್ದು ಸಾಕವ್ವನ ಬದುವಿಗೆ.
ಮುದ್ದೆ ಉಣ್ಣುವ ತನಕ ನೆಟ್ಟದ್ದು ಅತ್ತೆಯದು,
ಆಮೇಲಿನದು ನನ್ನದು ಅಂದುಕೊಂಡೆ.
ಯಾರಿಗೂ ಹೇಳಲಿಲ್ಲ.
ಸಂಜೆ ಫೋನಿಗೆ ಕೂಲಿ ಬಿತ್ತು.
ಅರ್ಧ, ಅವಳ ಮೊಮ್ಮಗನ ನಂಬರಿಗೆ ಹಾಕಿದೆ.

ಕತ್ತಲಾದ ಮೇಲೆ ಬಾಗಿಲಲ್ಲಿ ಸಾಕವ್ವ,
ಸೆರಗಿನ ಗಂಟಲ್ಲಿ ಎರಡು ನೋಟು.
‘ಮುಯ್ಯಿಗೆ ದುಡ್ಡು ಕೊಟ್ಟೋಳು ಈ ಊರಲ್ಲಿ ನೀನೇ ಮೊದ್ಲು ಕನಮ್ಮಿ.
ನಿಮ್ಮತ್ತೆ ಇದ್ದಿದ್ರೆ ಉಗಿಯೋಳು.’
‘ಹಂಗಾರೆ ಬಾಕಿ?’
‘ಇರ್ಲಿ ಬುಡು. ಅದೂ ತೀರೋದ್ರೆ
ನಿಮ್ಮಟ್ಟಿಗೆ ಬರಕ್ಕೆ ನಂಗೇನು ನೆಪ?’

ಕಾಫಿ ಕುಡಿದಳು, ಸಕ್ಕರೆ ಜಾಸ್ತಿ ಅಂದಳು,
ಗೋಡೆ ನೋಡಿ, ಸುಣ್ಣ ಚೆಂದಾಗದೆ ಅಂದಳು,
ಹೋದಳು.

ಗ್ಯಾಸಿನ ಮನೆಯಲ್ಲಿ ಇದ್ದಿಲೆಲ್ಲಿ?
ದೀಪ ಹಚ್ಚಿ ಬಿಸಾಕಿದ ಕಡ್ಡಿ ಸಿಕ್ಕಿತು.
ಎಳೆಯುವಾಗಲೇ ಮಸಿ ಮುಗಿದು
ಗೆರೆ ತಾನಾಗೇ ಗಿಡ್ಡ ಬಂತು.