ಹದಿನೈದರಿಂದ ಹದಿನೆಂಟು

ಕ್ಲಾಕ್ಸ್‌ವೀಕಿನ ಬಂದರಿನಲ್ಲಿ, ಮೀನಿನ ಶೈತ್ಯಾಗಾರದ ಮೇಲಿನ ಕೋಣೆಯಲ್ಲಿ
ಮೂರು ರಾತ್ರಿ ಒಂದೇ ಅಕ್ಷರ ನೋಡಿದೆ:
ಎಲ್. ಎಲ್. ಎಲ್.
ಕಪ್ಪು ತೆರೆಯ ಮೇಲೆ ಇರುವೆ ಸಾಲು.
ಲೇಟು, ಅನ್ನುತ್ತಿತ್ತು ರೇಡಿಯೋ,
ನೀನು ಕೊಟ್ಟ ಮಾತಿನ ಹೊತ್ತು ಮೀರಿದೆ,
ಎಸೆದುಬಿಟ್ಟೆ.

ಕೆಲಸ ಸಣ್ಣದು.
ಕೊಲ್ಲಿಯ ಬಾಯಲ್ಲಿ ನೀರಿನಡಿ ಒಂದು ಬಂಡೆ.
ಬಂಡೆಗೆ ಬಾಯಿಲ್ಲ; ಅದರ ಪರವಾಗಿ ನಾನು
ಮೂರು ನಿಮಿಷಕ್ಕೊಮ್ಮೆ ದೋಣಿಗಳಿಗೆ
ಇಲ್ಲಿದ್ದೇನೆ ಅನ್ನಬೇಕು. ಅಷ್ಟೇ.
ಆದರೆ ಈ ಕಡಲಿನವರೆಲ್ಲ ಒಂದೇ ಗಂಟಲಿನಿಂದ ಮಾತಾಡುವವರು,
ಒಂದು ನಿಮಿಷವನ್ನು ಎರಡು ಸಾವಿರದ ಇನ್ನೂರೈವತ್ತು ಚೂರು ಮಾಡಿ
ಹಂಚಿಕೊಂಡವರು:
ಸೀಗಡಿ ದೋಣಿಗೊಂದು, ಎಣ್ಣೆ ಹಡಗಿಗೊಂದು,
ನನ್ನ ಬಂಡೆಗೊಂದು.
ಚೂರು ತಪ್ಪಿದರೆ ಪಕ್ಕದವರ ಬಾಯಿಗೆ ಕೈ ಅಡ್ಡ ಹಿಡಿದಂತೆ.

ಹಿಂದೆ ಇದಕ್ಕೆಂದೇ ಬೆಸುಗೆ ಹಾಕಿದ ಪೆಟ್ಟಿಗೆ ಬರುತ್ತಿತ್ತು.
ಈಗ ಅಲೆಯನ್ನೇ ಅಂಕಿಯಲ್ಲಿ ಬರೆಯುತ್ತೇನೆ.
ಬರೆದ ಅಂಕಿಗಳು ಕಂಪ್ಯೂಟರಿನೊಳಗೆ ಸರದಿ ನಿಲ್ಲುತ್ತವೆ,
ತಂತಿಯಲ್ಲಿ ನೂಕಾಡುತ್ತವೆ,
ನಡುವೆಲ್ಲೋ ಕಂಪ್ಯೂಟರಿಗೆ ಬೇರೆ ಯೋಚನೆ ಬರುತ್ತದೆ
(ಮೌಸು ಅಲುಗಿತು, ಪರದೆ ಒರೆಸಬೇಕು)
'ಈಗ' ಎಂದು ನಾನು ಕೂಗಿದ್ದು
ಆಂಟೆನಾದ ಬುಡ ಮುಟ್ಟುವಾಗ 'ಆಗ' ಆಗಿರುತ್ತದೆ.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು;
ಇದು ಆಡುವ ಮೊದಲೇ ಹೋಯಿತು.

ನಾಲ್ಕನೆಯ ದಿನ ಹಾನುಸ್ ಮಾವ ಬಂದ,
ಗಾಳಿಗೆ ಒಣಗಿಸಿದ ಕುರಿಮಾಂಸ ಕಾಗದದಲ್ಲಿ ಸುತ್ತಿಕೊಂಡು.
ಮೂವತ್ತೊಂದು ವರ್ಷ ಕರಾವಳಿ ನಿಲಯದಲ್ಲಿ ಮೋರ್ಸ್ ಕುಟ್ಟಿದ ಕೈ;
ಈಗಲೂ ಚಮಚ ಹಿಡಿದರೆ ಬಟ್ಟಲಂಚಿಗೆ ಏನೋ ಹೇಳುತ್ತಿರುತ್ತದೆ.
ತೆರೆ ನೋಡಿ ಕೇಳಿದ:
"ಗಂಟೆ ಎಷ್ಟು ಅಂತ ಯಾರನ್ನು ಕೇಳ್ತೀಯ?"
ಕಂಪ್ಯೂಟರನ್ನು.
"ಮಾತಾಡೋದು ಯಾರು?"
ರೇಡಿಯೋ.
ಮಾವ ಮತ್ತೇನೂ ಹೇಳದೆ ಮಾಂಸ ಕೊಯ್ಯತೊಡಗಿದ.

ಎರಡು ಗಡಿಯಾರ.
ನನ್ನದೊಂದು ಮೇಜಿನ ಮೇಲೆ;
ಇನ್ನೊಂದು ರೇಡಿಯೋದ ಹೊಟ್ಟೆಯಲ್ಲಿ,
ಉಪಗ್ರಹದ ಮಿಡಿತಕ್ಕೆ ಕಿವಿಗೊಟ್ಟ ಹರಳು.
ಅದನ್ನೇ ಕೇಳಿದೆ, ನಿನ್ನಲ್ಲಿ ಈಗ ಎಷ್ಟು?
ಅಂದದ್ದಕ್ಕೆ ಸೆಕೆಂಡಿನ ಹತ್ತರಲ್ಲಿ ಎರಡು ಪಾಲು ಕೂಡಿಸಿ,
ಅಲ್ಲಿಂದಾಚೆಗೆ ಬರುವ ನನ್ನ ಚೂರನ್ನು ಹುಡುಕಿ
ಅಲೆಯ ಹಣೆಯ ಮೇಲೆ ಬರೆದೆ:
ಇಷ್ಟು ಹೊತ್ತಿಗೆ. ಮೊದಲೂ ಅಲ್ಲ.
ಬೇಗ ಬಂದು ಬಾಗಿಲಲ್ಲಿ ಕಾಯಲಿ.

ಎಲ್ ನಿಂತಿತು.
ಸುನ್ವಾಳ ದೋಣಿಯ ನಕ್ಷೆಯಲ್ಲಿ ಬಂಡೆ ಮೂಡಿತು;
"ಬಂತು ಬಂತು" ಅಂದಳು ಫೋನಿನಲ್ಲಿ,
ಹಿಂದೆ ಎಂಜಿನ್ನು ಕೆಮ್ಮುತ್ತಿತ್ತು.

ಹಿಗ್ಗಿ ಮಾವನಿಗೆ ಚೂರುಗಳ ಕೋಷ್ಟಕ ತೋರಿಸಿದೆ,
ಯಾರದು ಎಲ್ಲಿ, ಯಾವ ಬಣ್ಣ.
ಬಹಳ ಹೊತ್ತು ನೋಡಿದ.
"ಎಲ್ಲರೂ ಸುಮ್ಮನಿರೋ ಚೂರು ಯಾವುದು?"

ಅವನ ನಿಲಯದ ಗಡಿಯಾರದಲ್ಲಿ ಕೆಂಪು ಬಳಿದ ಎರಡು ಹೋಳಿದ್ದವು:
ಹದಿನೈದರಿಂದ ಹದಿನೆಂಟು, ನಲವತ್ತೈದರಿಂದ ನಲವತ್ತೆಂಟು.
ಮುಳ್ಳು ಕೆಂಪಿಗೆ ಬಂತೆಂದರೆ
ಇಡೀ ಅಟ್ಲಾಂಟಿಕ್ ಬಾಯಿ ಮುಚ್ಚಬೇಕು.
ಮದುವೆಯ ತಂತಿ, ಕಾಡ್ ಮೀನಿನ ದರ, ಕ್ಯಾಪ್ಟನ್ನನ ಬೈಗುಳ
ಅರ್ಧಕ್ಕೇ ನಿಲ್ಲಿಸಿ
ಮುಳುಗುತ್ತಿರುವವನ ಸಣ್ಣ ದನಿಗೆ ಕೂತಿರಬೇಕು.
ಮೂವತ್ತೊಂದು ವರ್ಷದಲ್ಲಿ ಎರಡೇ ಸಲ ಕೇಳಿಸಿತಂತೆ.
ಒಂದರ ಕೊನೆಯ ಅಕ್ಷರ ಬರಲಿಲ್ಲ.

ಈಗ ಅದಕ್ಕೆ ಬೇರೆ ಗುಂಡಿ ಇದೆ ಮಾವ, ಬೇರೆ ಅಲೆ ಇದೆ, ಅಂದೆ.
ಹೌದೌದು, ಅಂದ.

ಗೋಡೆಯಲ್ಲಿ ಆರೂ ಹದಿನೈದು.
ಮಾವನ ದವಡೆ ನಿಂತಿತು,
ಚಾಕು ಹಲಗೆಯ ಮೇಲೆ ಮಲಗಿತು.
ಯಾಕೋ ನಾನೂ ಕೀಲಿಮಣೆಯಿಂದ ಕೈ ತೆಗೆದೆ.
ಕೆಳಗೆ ಶೈತ್ಯಾಗಾರದ ಮೋಟಾರು. ಒಂದು ಕಡಲಹಕ್ಕಿ.
ಬಂಡೆ ಒಮ್ಮೆ ಇಲ್ಲಿದ್ದೇನೆ ಅಂದಿತು, ತನ್ನ ಚೂರಿನಲ್ಲಿ,
ಕೂದಲೆಳೆಯೂ ಆಚೀಚೆಯಾಗದೆ.

ಆರೂ ಹದಿನೆಂಟಕ್ಕೆ ಮಾವ
"ಈ ಸಲ ಉಪ್ಪು ಕಮ್ಮಿ" ಅಂದ.