ಮೂರನೇ ಪ್ರಶ್ನೆ

ಅರವತ್ತೆರಡು ಉತ್ತರಪತ್ರಿಕೆ, ದಾರ ಕಟ್ಟಿ
ಮನೆಗೆ ತಂದಿದ್ದೆ.
ಜನವರಿ. ಸುಂಟಿಕೊಪ್ಪದ ಚಳಿಗೆ
ಕೆಂಪು ಪೆನ್ನು ಕೂಡ ಸುಲಭಕ್ಕೆ ಶಾಯಿ ಬಿಡದು,
ಅಂಗೈಯಲ್ಲಿ ಹೊಸೆದು ಬಿಸಿ ಮಾಡಬೇಕು.

ಎಂಟಕ್ಕೆ ಕೂತವಳು ಒಂಬತ್ತಕ್ಕೆ ಏಳು ಮುಗಿಸಿದ್ದೆ.
ಎಂಟನೆಯದಕ್ಕೆ ಮುಂಚೆ ಒಂದೇ ಒಂದು ಸಲ
ಫೋನು ನೋಡೋಣವೆಂದು ನೋಡಿದೆ.
ತಲೆ ಎತ್ತಿದಾಗ ಹತ್ತೂಮುಕ್ಕಾಲು.
ನಡುವೆ ಏನಾಯಿತೆಂದು ಕೇಳಿದರೆ
ಯಾರೋ ಹಲಸಿನ ಬೀಜ ಸುಲಿದರು,
ಒಂದು ಬೆಕ್ಕು ಕಪಾಟಿನಿಂದ ಬಿತ್ತು,
ಒಬ್ಬಳು ಅತ್ತಳು. ಯಾಕೆಂದು ತಿಳಿಯುವ ಮೊದಲೇ
ಬೆರಳು ಅವಳನ್ನು ಮೇಲಕ್ಕೆ ತಳ್ಳಿತ್ತು.

ಎಂಟನೆಯದು ಉತ್ತಯ್ಯನದು.
ಮೂವತ್ತೈದಕ್ಕೆ ಆರು.
ಮೂರನೇ ಪ್ರಶ್ನೆ: ಶಬ್ದದ ಆಕರವು ಕೇಳುಗನ ಬಳಿ ಬಂದು
ದಾಟಿ ಹೋಗುವಾಗ ಸ್ಥಾಯಿ ಹೇಗೆ ಬದಲಾಗುತ್ತದೆ? ವಿವರಿಸಿ.
ಕೆಳಗೆ ಅರ್ಧ ಪುಟ ಖಾಲಿ.
ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಬಸ್ಸು,
ಅಷ್ಟೂ ಕಿಟಕಿ ಬರೆದು, ಚಕ್ರಕ್ಕೆ ಬರುವಷ್ಟರಲ್ಲಿ
ಗಂಟೆ ಹೊಡೆದಿರಬೇಕು.

ಸೊನ್ನೆ ಹಾಕಿದೆ. ‘ಗಮನ ಸಾಲದು’ ಎಂದು ಬರೆದೆ.
ಇಂಥ ಮಾತು ಬರೆಯುವಾಗ ಮಾತ್ರ
ನನ್ನ ಅಕ್ಷರ ಬಹಳ ದುಂಡಗೆ ಬರುತ್ತದೆ.

ಮತ್ತೆ ಫೋನು.
ಅಲ್ಲೊಬ್ಬನಿದ್ದಾನೆ, ಮುಖ ತೋರಿಸುವುದಿಲ್ಲ,
ಇಟ್ಟುಕೊಂಡ ಹೆಸರು ‘ಕಾಪಿಕಣದ ಕಿವಿ’.
ಎರಡು ತಿಂಗಳಿಂದ ಅವನ ಹಿಂದೆ ಬಿದ್ದಿದ್ದೇನೆ.
ಬಾಯಲ್ಲೇ ಪಲ್ಪರ್ ಓಡಿಸುತ್ತಾನೆ,
ಚಳಿಗೆ ಸ್ಟಾರ್ಟಾಗದ ಜೀಪನ್ನು ಕೆಮ್ಮಿಸುತ್ತಾನೆ,
ಕಣದಲ್ಲಿ ಒಣಗಿದ ಹಣ್ಣನ್ನು ಹಲಗೆ ಎಳೆಯುವಾಗಿನ
ಗಲಗಲವನ್ನು ನಾಲಗೆಯಲ್ಲಿ ಹರಡುತ್ತಾನೆ.
ಇವತ್ತಿನದು ಮಾದಾಪುರದ ಬಸ್ಸು.
ತಿರುವಿನಲ್ಲಿ ಚೂಪಾಗಿ ಬಂದ ಹಾರ್ನು
ನನ್ನನ್ನು ದಾಟಿದ್ದೇ ಒಂದು ಮೆಟ್ಟಿಲು ಇಳಿದು
ದಪ್ಪಗಾಗಿ, ತೋಟದೊಳಗೆ ಕರಗಿತು.
ಹದಿನೈದು ವರ್ಷ ಬೋರ್ಡಿನ ತುಂಬ ಸೂತ್ರ ಬರೆದೂ
ಯಾರ ಕಿವಿಗೂ ನಾನು ಇಳಿಸಲಾರದೆ ಹೋದ
ಅದೇ ಇಳಿತ.
ಹೃದಯ ಒತ್ತಿದೆ. ಹನ್ನೊಂದು ಸಾವಿರದ ಮೇಲೊಂದು.

ಕೊನೆಯ ಕ್ಷಣದಲ್ಲಿ ಚಿತ್ರದ ಮೂಲೆಗೆ
ಒಂದು ಮೊಣಕೈ ಬಂದು ಹೋಯಿತು.
ನಮ್ಮ ಕಾಲೇಜಿನ ಬೂದು ಸ್ವೆಟರು, ಹಸಿರು ನೂಲಿನ ತೇಪೆ.
ನನಗೆ ಗೊತ್ತು ಆ ತೇಪೆ.
ಮೂರನೇ ಬೆಂಚಿನಲ್ಲಿ ಅದರ ಮೇಲೆ ತಲೆಯಿಟ್ಟು ನಿದ್ದೆ ಹೋದವನನ್ನು
ಸ್ಕೇಲಿನಿಂದ ತಟ್ಟಿ ಎಬ್ಬಿಸಿದ್ದೇನೆ.

ಹಳೆಯವನ್ನೆಲ್ಲ ಜಾಲಾಡಿದೆ.
ಪರೀಕ್ಷೆಯ ಹಿಂದಿನ ರಾತ್ರಿ, ಹನ್ನೊಂದೂ ನಲವತ್ತು: ಜೀಪು.
ಕೆಳಗೆ ‘ಬೆಳ್ಳಿಚುಕ್ಕಿ’ ಅನ್ನುವವಳ ಮಾತು:
‘ವಾವ್! ಇನ್ನೊಂದು ಹಾಕಿ, ಪ್ಲೀಸ್.’
ಆ ಬೆಳ್ಳಿಚುಕ್ಕಿ ನಾನು.
ಅವನು ಹಾಕಿದ್ದ.
ರಾತ್ರಿ ಒಂದೂವರೆಗೆ.

ಮರುದಿನ ಉತ್ತಯ್ಯನ ಅವ್ವ ಬಂದರು,
ಕುಯ್ಲಿನ ನಡುವೆ ಎದ್ದು, ಉಗುರಲ್ಲಿ ಹಣ್ಣಿನ ಅಂಟು.
‘ಕಿತ್ತು ಕೆರೆಗೆ ಎಸೆಯಲಾ ಮೇಡಂ ಅದನ್ನು?’
ಎಲ್ಲ ತಾಯಂದಿರಿಗೂ ಹೇಳುವುದನ್ನೇ ಹೇಳಲು
ಬಾಯಿ ತೆರೆದೆ. ಬ್ಯಾಗಿನೊಳಗೆ
ನನ್ನದು ಒಮ್ಮೆ ನಡುಗಿ ಸುಮ್ಮನಾಯಿತು.

ಅವನು ನೆಲ ನೋಡುತ್ತಿದ್ದ.
ಕಣ್ಣ ಕೆಳಗೆ, ಹದಿನಾರಕ್ಕೆ ಇರಬಾರದಷ್ಟು ಕಪ್ಪು.
‘ಹತ್ತರ ಮೇಲೆ, ಯಾರು ಕೇಳಿದರೂ
ಹಾಕಬೇಡ’ ಅಂದೆ.
ತಲೆ ಎತ್ತಿದ. ಎಷ್ಟು ತಿಳಿಯಿತೋ.
‘ಏನು ಹಾಕುವುದು?’ ಅಂದರು ಅವ್ವ,
ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿ.

ಅಷ್ಟರಲ್ಲಿ ಕೆಳಗಿನ ತಿರುವಿಗೆ ಮಾದಾಪುರದ ಬಸ್ಸು.
ಹಾರ್ನು ಚೂಪಾಗಿ ಬಂತು.
ಅವನ ತುಟಿ ಅವನಿಗೇ ಗೊತ್ತಿಲ್ಲದಂತೆ ಅಲುಗಿತು.
ದಾಟಿತು.
ಇಳಿಯಿತು.

ಮನೆಯಲ್ಲಿನ್ನೂ ಐವತ್ತನಾಲ್ಕು ಪತ್ರಿಕೆ.